ಆಂಗ್ಲೋ-ಇಂಡಿಯನ್: ಚಿನ್ನದ ಗಣಿಯೂರಿನಲ್ಲಿ ಬಿಡಿಸಿ ನೋಡಬೇಕಾದ ಒಂದು ಸಮಾಸ

ಕೆಜಿಎಫ್, ಅಂದರೆ ಕೋಲಾರ್ ಗೋಲ್ಡ್ ಫೀಲ್ಡ್ಸ್, ಎಂದು ಊರೆಲ್ಲ ಕರೆಯುವ ನಗರಕ್ಕೆ ಜನಗಣತಿಯ ಪಟ್ಟಿಯಲ್ಲಿರುವ ಹೆಸರು ರಾಬರ್ಟ್‌ಸನ್‌ಪೇಟೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರಿಗೆ ನಮ್ಮ ‘ಪೇಟೆ’ ಸೇರಿ ಆದ ಪದ ಅದು. ರೈಲು ಕವಲೊಡೆಯುವ ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ; 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ನೆನಪಿನದು. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆರೆತರೆ ಅದು ಅರಿಸಮಾಸ, ಅಂದರೆ ಒಗ್ಗದ ಕೂಟ, ಎಂದು 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಎಚ್ಚರಿಸಿದ. ಆದರೆ ಬಿರುದುಗಳಲ್ಲಿ, ಹಿಂದಿನ ಕವಿಗಳ ಪ್ರಯೋಗದಲ್ಲಿ ನೆಲೆನಿಂತದ್ದಕ್ಕೆ ದೋಷವಿಲ್ಲ ಎಂದೂ ಒಪ್ಪಿದ. ಬಾಯಿಗೆ ಬಂದು ಬಳಕೆಯಲ್ಲಿ ಉಳಿದದ್ದೇ ಪ್ರಮಾಣ ಎಂಬ ಈ ವಿವೇಕ ಗಣಿಯೂರಿಗೆ ಚೆನ್ನಾಗಿ ಹೊಂದುತ್ತದೆ.

ಇದೇ ಊರಿನಲ್ಲಿ ನೂರು ವರ್ಷಕ್ಕೂ ಮಿಕ್ಕಿ ಬಾಳಿದ ಒಂದು ಸಮುದಾಯದ ಹೆಸರೂ ಸಮಾಸವೇ: ಆಂಗ್ಲೋ-ಇಂಡಿಯನ್. ಇಂಗ್ಲಿಷಿನಲ್ಲಿ ಅದು ಹುಟ್ಟಿದ್ದು ವಿಶೇಷಣವಾಗಿ, ಎರಡು ಪದಗಳನ್ನು ಗೆರೆಯೊಂದರಿಂದ ಜೋಡಿಸಿದ ಗುಣವಾಚಕವಾಗಿ. ಆಮೇಲೆ ನಾಮಪದವಾಯಿತು, ಜನಗಣತಿಯ ಅಂಕಣವಾಯಿತು, ಸಂವಿಧಾನದ ವಿಧಿಯಾಯಿತು, ಕೊನೆಗೆ ಶಾಸನಸಭೆಯ ಒಂದು ಪೀಠವಾಗಿ ಅಲ್ಲಿಂದ ಮರೆಯಾಯಿತು. ಈ ಪದವನ್ನು ಬಿಡಿಸಿ ಬರೆದವರು ಹೆಚ್ಚಾಗಿ ಅದರ ಮೊದಲ ಅರ್ಧವನ್ನೇ ಹಿಡಿದುಕೊಂಡರು. ಚಿನ್ನದ ಗಣಿಯ ಚರಿತ್ರೆಯ ಮುಂದಿಟ್ಟು ನೋಡಿದರೆ ಆ ಮೊದಲ ಅರ್ಧವೇ ಅಲುಗಾಡುತ್ತದೆ.

ಪೂರ್ವಪದ, ಉತ್ತರಪದ

‘ಆಂಗ್ಲೋ’ ಎಂಬುದು ಒಂಟಿಯಾಗಿ ನಿಲ್ಲುವ ಪದವಲ್ಲ. ‘ಆಂಗ್ಲಿ’ ಎಂಬ ಲ್ಯಾಟಿನ್ ರೂಪಕ್ಕೆ ಜೋಡಣೆಯ ‘ಓ’ಕಾರ ಸೇರಿ ಆದ, ಮುಂದೆ ಇನ್ನೊಂದು ಪದ ಬಂದರಷ್ಟೇ ಅರ್ಥ ಕೊಡುವ ತುಣುಕು. ‘ಆಂಗ್ಲೋ-ಸ್ಯಾಕ್ಸನ್’ ಅದರ ಹಳೆಯ ಪ್ರಯೋಗ. ಆಂಗಲ್ಸ್ ಎಂಬುವರು ಇಂದಿನ ಜರ್ಮನಿಯ ಉತ್ತರ ಅಂಚಿನ ಆಂಗೆಲ್ನ್ ಪ್ರದೇಶದ ಬುಡಕಟ್ಟಿನವರು. 5ನೇ ಶತಮಾನದಿಂದೀಚೆಗೆ ಕಡಲು ದಾಟಿ ಬ್ರಿಟನ್ ಸೇರಿದರು. ಅವರಿಂದಲೇ ಇಂಗ್ಲೆಂಡಿಗೆ ಆ ಹೆಸರು. ‘ಇಂಡಿಯನ್’ ಎಂಬುದರ ಬೇರು ಸಿಂಧೂ ನದಿಯಲ್ಲಿದೆ. ಪರ್ಷಿಯನ್ನರ ಬಾಯಲ್ಲಿ ‘ಸ’ಕಾರ ‘ಹ’ಕಾರವಾಗಿ ‘ಹಿಂದು’, ಗ್ರೀಕರ ಬಾಯಲ್ಲಿ ‘ಹ’ಕಾರವೂ ಬಿದ್ದು ‘ಇಂದೋಸ್’, ಅಲ್ಲಿಂದ ‘ಇಂಡಿಯಾ’. ವಲಸೆ ಹೋದ ಬುಡಕಟ್ಟಿನ ಹೆಸರೊಂದು, ಮೂರು ನಾಲಿಗೆ ದಾಟಿದ ಹೊಳೆಯ ಹೆಸರೊಂದು ಸೇರಿ ಈ ಸಮಾಸವಾಯಿತು.

ಸಮಾಸದಲ್ಲಿ ಯಾವ ಪದಕ್ಕೆ ಪ್ರಾಧಾನ್ಯ ಎಂಬುದು ನಾವು ಶಾಲೆಯಲ್ಲಿ ಕಲಿತ ಮೊದಲ ಪ್ರಶ್ನೆ. ತತ್ಪುರುಷದಲ್ಲಿ ಉತ್ತರಪದ ಮುಖ್ಯ, ಅಂಶಿಯಲ್ಲಿ ಪೂರ್ವಪದ ಮುಖ್ಯ, ದ್ವಂದ್ವದಲ್ಲಿ ಎಲ್ಲ ಪದಗಳೂ ಮುಖ್ಯ, ಬಹುವ್ರೀಹಿಯಲ್ಲಿ ಹೊರಗಿನ ಮತ್ತೊಂದು ಪದ ಮುಖ್ಯ. ‘ಆಂಗ್ಲೋ-ಇಂಡಿಯನ್’ನ ಇನ್ನೂರು ವರ್ಷಗಳ ಕಥೆ ಈ ಪ್ರಶ್ನೆಗೆ ಕಾಲಕಾಲಕ್ಕೆ ಕೊಟ್ಟ ಬೇರೆಬೇರೆ ಉತ್ತರಗಳ ಕಥೆ.

ಹೆಸರು ಕೈ ಬದಲಾಯಿಸಿದ್ದು

19ನೇ ಶತಮಾನದಲ್ಲಿ ಆಂಗ್ಲೋ-ಇಂಡಿಯನ್ ಎಂದರೆ ಇಂಡಿಯಾದಲ್ಲಿ ಬಹುಕಾಲ ನೆಲೆಸಿದ ಇಂಗ್ಲಿಷರು. ಕಲೆಕ್ಟರು, ಕರ್ನಲ್, ತೋಟದ ಯಜಮಾನ, ಅವರ ಮಡದಿಯರು. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ನಿಘಂಟಿನ ಉಪಶೀರ್ಷಿಕೆಯಲ್ಲಿ ‘ಆಂಗ್ಲೋ-ಇಂಡಿಯನ್’ ಪದಗಳು ಎಂದಿರುವುದು ಈ ಅರ್ಥದಲ್ಲೇ. ಇಲ್ಲಿ ಪೂರ್ವಪದವೇ ಯಜಮಾನ. ಉತ್ತರಪದ ಬರಿಯ ವಿಳಾಸ.

ಆಗ ಮಿಶ್ರ ಸಂತಾನದವರ ಹೆಸರೇನಿತ್ತು? ಹೆಸರುಗಳಿಗೆ ಬರವಿರಲಿಲ್ಲ. ಈಸ್ಟ್ ಇಂಡಿಯನ್, ಇಂಡೋ-ಬ್ರಿಟನ್, ಯುರೇಷಿಯನ್. ಹೀನಾಯದ ಹೆಸರುಗಳು ಇನ್ನೂ ಇದ್ದವು. ಈಸ್ಟ್ ಇಂಡಿಯಾ ಕಂಪನಿ 1791ರಲ್ಲಿ, ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಕಾಲದಲ್ಲಿ, ತಂದೆ ಅಥವಾ ತಾಯಿ ಇಂಡಿಯಾದವರಾಗಿದ್ದವರಿಗೆ ತನ್ನ ಸಿವಿಲ್ ಮತ್ತು ಸೈನಿಕ ಹುದ್ದೆಗಳ ಬಾಗಿಲು ಮುಚ್ಚಿತು. 1795ರ ಆದೇಶದ ಪ್ರಕಾರ ತಂದೆತಾಯಿಯರಲ್ಲಿ ಒಬ್ಬರಾದರೂ ಯುರೋಪಿನವರಲ್ಲದಿದ್ದವರು ಸೈನ್ಯದಲ್ಲಿ ತಮಟೆ ಬಾರಿಸುವ, ಕೊಳಲು ಊದುವ ಬ್ಯಾಂಡಿನವರಾಗಿ ಇರಬಹುದಿತ್ತು, ಹೋರಾಡುವ ಸಿಪಾಯಿಯಾಗುವಂತಿರಲಿಲ್ಲ. ಅಪ್ಪನ ಸರ್ಕಾರ ಮಗನನ್ನು ಹೊರಗೆ ನಿಲ್ಲಿಸಿತು. ಈ ಜನರಲ್ಲೇ ಒಬ್ಬರಾದ ಜಾನ್ ರಿಕೆಟ್ಸ್ ಈ ಅನ್ಯಾಯದ ಅರ್ಜಿ ಹೊತ್ತು ಕಲ್ಕತ್ತೆಯಿಂದ ಲಂಡನ್ನಿಗೆ ಹೋದರು. 1830ರಲ್ಲಿ ಅದು ಪಾರ್ಲಿಮೆಂಟಿನ ಮುಂದೆ ಬಂತು. ಅರ್ಜಿದಾರರು ಅಲ್ಲಿ ತಮ್ಮನ್ನು ಕರೆದುಕೊಂಡದ್ದು ಈಸ್ಟ್ ಇಂಡಿಯನ್ನರು ಎಂದು.

ಹೆಸರು ಹೇಗೆ ಕೈ ಬದಲಾಯಿಸಿತು ಎಂಬುದಕ್ಕೆ ನಮ್ಮ ಮೈಸೂರು ಸೀಮೆಯಲ್ಲೇ ಒಂದು ಸಾಕ್ಷಿ ಇದೆ. 1882ರಲ್ಲಿ ಚಾಮರಾಜ ಒಡೆಯರು ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ಭೂಮಿಯನ್ನು ಒಂದು ಸಂಘಕ್ಕೆ ಕೊಟ್ಟರು. ಸಂಘದ ಹೆಸರು ‘ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಅಸೋಸಿಯೇಷನ್’. ನಡುವಿನ ‘ಮತ್ತು’ವನ್ನು ಗಮನಿಸಬೇಕು. ಮಿಶ್ರ ಸಂತಾನದವರು ಯುರೇಷಿಯನ್ನರು. ಇಲ್ಲಿ ನೆಲೆನಿಂತ ಯುರೋಪಿನ ಕುಲದವರು ಆಂಗ್ಲೋ-ಇಂಡಿಯನ್ನರು. ಎರಡೂ ಬೇರೆ ಎಂದು ಆಗ ತಿಳಿಯುತ್ತಿದ್ದರು, ಆದರೆ ಒಂದೇ ಸಂಘದಲ್ಲಿ ಸೇರುವಷ್ಟು ಹತ್ತಿರವಾಗಿದ್ದರು. ಆ ಭೂಮಿಯಲ್ಲಿ ಬೇಸಾಯದ ವಸಾಹತು ಕಟ್ಟುವ ಕನಸು ಕಂಡವರು ಡೇವಿಡ್ ಇಮ್ಯಾನ್ಯುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್. ಅವರ ಹೆಸರೇ ವೈಟ್‌ಫೀಲ್ಡ್ ಆಗಿ ಉಳಿದಿದೆ. ಬಂಗಾರಪೇಟೆಯಿಂದ ಬೆಂಗಳೂರಿನ ರೈಲು ಹತ್ತಿದವರು ಮಾಲೂರು ದಾಟಿ ಆ ನಿಲ್ದಾಣವನ್ನು ಹಾದೇ ಹೋಗುತ್ತಾರೆ.

ವೈಸ್‌ರಾಯ್ ಹಾರ್ಡಿಂಜ್‌ರ ಕಾಲದಲ್ಲಿ, 1911ರ ಜನಗಣತಿಯ ಹೊತ್ತಿಗೆ, ಯುರೇಷಿಯನ್ ಎಂಬ ಹೆಸರು ಕಡತದಿಂದ ಇಳಿದು ಆ ಜಾಗಕ್ಕೆ ಆಂಗ್ಲೋ-ಇಂಡಿಯನ್ ಏರಿತು. ಬಹುಕಾಲ ಬೇಡಿ ಪಡೆದ ಹೆಸರು ಅದು. ‘ಯುರೇಷಿಯನ್’ ಎಂದರೆ ಎರಡು ಖಂಡಗಳ ಬೆರಕೆ, ಊರಿಲ್ಲದ ಪದ. ‘ಆಂಗ್ಲೋ-ಇಂಡಿಯನ್’ನಲ್ಲಿ ಕನಿಷ್ಠ ಎರಡು ದೇಶಗಳಿದ್ದವು.

ಗಣಿಯಲ್ಲಿ ‘ಆಂಗ್ಲ’ರು ಯಾರು?

ಈಗ ಕೋಲಾರದ ಗಣಿಗೆ ಇಳಿಯೋಣ. ಇಲ್ಲಿಯ ಚಿನ್ನದ ಸುದ್ದಿಯನ್ನು ಮೊದಲು ಸರ್ಕಾರಿ ವರದಿಗೆ ತಂದವರು ಲೆಫ್ಟಿನೆಂಟ್ ಜಾನ್ ವಾರನ್. 1802ರಲ್ಲಿ ಊರಗಾಂ, ಮಾರಿಕುಪ್ಪಂ ಸುತ್ತ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಅವರು ಕಂಡು ಬರೆದರು. ಕಂಪನಿಯ ಕೆಲಸದಲ್ಲಿದ್ದ ಈ ‘ಇಂಗ್ಲಿಷ್’ ಅಧಿಕಾರಿ ಹುಟ್ಟಿದ್ದು ಇಟಲಿಯ ಲಿವೊರ್ನೊದಲ್ಲಿ. ಮನೆತನ ಫ್ರಾನ್ಸಿನ ಲೊರೇನಿನಲ್ಲಿ ನೆಲೆಸಿದ್ದ ಐರಿಷ್ ಮೂಲದ್ದು. ಮುಂದೆ ಮದರಾಸಿನ ವೀಕ್ಷಣಾಲಯ ನೋಡಿಕೊಂಡರು, ದಕ್ಷಿಣ ಭಾರತದ ಪಂಚಾಂಗ ಗಣನೆಯ ಮೇಲೆ ‘ಕಾಲಸಂಕಲಿತ’ ಎಂಬ ಗ್ರಂಥ ಬರೆದರು, 1830ರಲ್ಲಿ ಪಾಂಡಿಚೇರಿಯಲ್ಲಿ ತೀರಿಕೊಂಡರು.

ವಾರನ್‌ರ ವರದಿಯ ಜಾಡು ಹಿಡಿದು 1870ರ ದಶಕದಲ್ಲಿ ಗಣಿಗಾರಿಕೆಯ ಪರವಾನಗಿ ಕೇಳಿದವರು ಮೈಕೇಲ್ ಲ್ಯಾವೆಲ್. ನ್ಯೂಜಿಲೆಂಡಿನ ಯುದ್ಧದಲ್ಲಿ ಸೈನಿಕನಾಗಿದ್ದು ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಐರಿಷ್ ಮನುಷ್ಯ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಅವರದೇ ಹೆಸರು. ಗಣಿ ನಿಜವಾಗಿ ತಲೆಯೆತ್ತಿದ್ದು 1880ರಿಂದ, ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ. ಚಾಂಪಿಯನ್ ಪದರ ಸಿಕ್ಕಿತು. ಮೈಸೂರು, ಊರಗಾಂ, ನಂದಿದುರ್ಗ, ಚಾಂಪಿಯನ್ ರೀಫ್ ಗಣಿಗಳು ಒಂದರ ಪಕ್ಕ ಒಂದು ಬೆಳೆದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಇಲ್ಲಿಯ ಯಂತ್ರಗಳನ್ನು ತಿರುಗಿಸಿತು.

ಗಟ್ಟಿಕಲ್ಲಿನ ಗಣಿ ಕೆಲಸದ ಮೇಲ್ವಿಚಾರಣೆಗೆ ಕಂಪನಿ ಕರೆತಂದದ್ದು ಮುಖ್ಯವಾಗಿ ಕಾರ್ನ್‌ವಾಲ್‌ನವರನ್ನು. ತವರ, ತಾಮ್ರದ ಗಣಿಗಳಲ್ಲಿ ತಲೆತಲಾಂತರ ದುಡಿದ ಜನ ಅವರು. ಕಾರ್ನ್‌ವಾಲ್ ಇಂಗ್ಲೆಂಡಿನ ನಕಾಶೆಯೊಳಗಿದ್ದರೂ ಅಲ್ಲಿಯವರು ಕೆಲ್ಟಿಕ್ ಕುಲದವರು. ಆಂಗಲ್ಸ್ ಬರುವ ಮೊದಲಿನಿಂದ ಆ ದ್ವೀಪದಲ್ಲಿದ್ದವರು, ತಮ್ಮದೇ ಕಾರ್ನಿಷ್ ನುಡಿ ಆಡುತ್ತಿದ್ದವರು. ಅವರ ಜೊತೆಗೆ ಇಟಲಿಯ ಗಣಿಗಾರರೂ ಬಂದರು.

ಐರಿಷರು, ಕಾರ್ನಿಷರು, ಇಟಲಿಯವರು, ಫ್ರಾನ್ಸಿನ ನಂಟಿನವರು. ಗೋವೆ, ಕೊಚ್ಚಿ, ಮದರಾಸಿನಿಂದ ಬಂದ ಮನೆತನಗಳಲ್ಲಿ ಪೋರ್ಚುಗೀಸ್, ಡಚ್ ಹೆಸರುಗಳು. ಇವರ ಸಂತತಿಯೆಲ್ಲ ಕಡತದಲ್ಲಿ ‘ಆಂಗ್ಲೋ’ ಎಂದು ದಾಖಲಾಯಿತು. ಜರ್ಮನಿಯ ತುದಿಯಿಂದ ಬಂದ ಒಂದು ಬುಡಕಟ್ಟಿನ ಹೆಸರು ಇಡೀ ಯುರೋಪಿಗೆ ಪ್ರತಿನಿಧಿಯಾಗಿ ನಿಂತಿತು.

ನಡುವಿನ ಮೆಟ್ಟಿಲು

ಗಣಿಯೂರಿನಲ್ಲಿ ಈ ವಿಶೇಷಣಕ್ಕೆ ಬೆಲೆ ಇತ್ತು, ಭಾರವೂ ಇತ್ತು. ಯಾವ ಕೆಲಸ, ಎಷ್ಟು ಸಂಬಳ, ಯಾವ ಮನೆ, ಮಕ್ಕಳಿಗೆ ಯಾವ ಶಾಲೆ ಎಂಬುದೆಲ್ಲ ಜನಾಂಗದ ಹೆಸರಿನ ಮೇಲೆ ನಿಂತಿತ್ತು. ಮೇಲೆ ಯುರೋಪಿನವರ ಬಂಗಲೆ, ಕ್ಲಬ್ಬು. ಕೆಳಗೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಕಾರ್ಮಿಕರ ತಟ್ಟಿ ಮನೆಗಳ ಲೈನುಗಳು. ಅವರಲ್ಲಿ ಹೆಚ್ಚಿನವರು ದಲಿತರು. ಜಾನಕಿ ನಾಯರ್ ಅವರು 1998ರಲ್ಲಿ ಪ್ರಕಟಿಸಿದ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಗ್ರಂಥ ಆ ಕಾರ್ಮಿಕ ಲೋಕವನ್ನು ಆಳವಾಗಿ ಅಧ್ಯಯನ ಮಾಡಿದೆ. ಬಂಗಲೆ, ಲೈನು ಇವೆರಡರ ನಡುವಿನ ಮೆಟ್ಟಿಲಲ್ಲಿ ಆಂಗ್ಲೋ-ಇಂಡಿಯನ್ನರು: ಕಾರ್ಯಾಗಾರದ ಫೋರ್‌ಮನ್, ಫಿಟ್ಟರ್, ಎಂಜಿನ್ ಚಾಲಕ, ಆಸ್ಪತ್ರೆಯ ನರ್ಸು, ಶಾಲೆಯ ಟೀಚರು, ಆಫೀಸಿನ ಟೈಪಿಸ್ಟು. ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗೆಂದೇ ಇಂಗ್ಲಿಷ್ ಶಾಲೆಗಳು 20ನೇ ಶತಮಾನದ ಆರಂಭದಲ್ಲಿ ಹುಟ್ಟಿದವು. ಟಾರ್ಬ್‌ನ ಸಂತ ಜೋಸೆಫರ ಸಭೆಯ ಸನ್ಯಾಸಿನಿಯರು ಕಟ್ಟಿದ ಕಾನ್ವೆಂಟ್ ಅವುಗಳಲ್ಲಿ ಒಂದು.

ಈ ಮೆಟ್ಟಿಲು ಸೌಲಭ್ಯದ್ದು ಎಂಬುದನ್ನು ಮರೆಮಾಚಬಾರದು. ತಟ್ಟಿ ಮನೆಯಿಂದ ನೋಡಿದವರಿಗೆ ಅದು ದೊರೆಗಳ ಪಕ್ಕದ ಜಾಗ. ಆದರೆ ಅಲ್ಲಿ ನಿಂತವರಿಗೆ ಮೇಲಿನ ಮೆಟ್ಟಿಲು ಏರಲು ಬಿಡುತ್ತಿರಲಿಲ್ಲ, ಕೆಳಗಿನವರ ಜೊತೆ ನಿಲ್ಲಲು ಕಲಿಸಿರಲಿಲ್ಲ.

ಕಾರ್ಮಿಕರ ಬಾಯಲ್ಲಿ ಇವರ ಹೆಸರು ಬೇರೆಯೇ ಇತ್ತು. ತಮಿಳಿನಲ್ಲಿ ಸಟ್ಟೈಕ್ಕಾರರ್, ಮಲಯಾಳದಲ್ಲಿ ಚಟ್ಟಕ್ಕಾರ್: ಅಂಗಿ ತೊಟ್ಟವರು. 1974ರ ಮಲಯಾಳ ಚಿತ್ರ ‘ಚಟ್ಟಕ್ಕಾರಿ’ಯ ಹೆಸರು ಇದೇ. ಸರ್ಕಾರ ರಕ್ತದ ಲೆಕ್ಕ ಹಾಕಿತು. ನೆರೆಹೊರೆಯವರು ಕಣ್ಣಿಗೆ ಕಂಡ ಉಡುಪನ್ನು ಹೆಸರಾಗಿಸಿದರು.

ತಾಯಿಯಿಲ್ಲದ ವಿಗ್ರಹವಾಕ್ಯ

ಸ್ವತಂತ್ರ ಭಾರತ ಈ ಸಮಾಸವನ್ನು ಸಂವಿಧಾನದಲ್ಲೇ ಬಿಡಿಸಿ ಬರೆಯಿತು. 1935ರ ಭಾರತ ಸರ್ಕಾರ ಕಾಯ್ದೆಯ ವ್ಯಾಖ್ಯೆಯ ಜಾಡಿನಲ್ಲೇ ಬಂದ 366ನೇ ವಿಧಿಯ 2ನೇ ಖಂಡದ ತಾತ್ಪರ್ಯ ಇಷ್ಟು: ತಂದೆ ಅಥವಾ ತಂದೆಯ ಸಾಲಿನ ಯಾವುದೇ ಗಂಡು ಪೂರ್ವಿಕ ಯುರೋಪ್ ಮೂಲದವನಾಗಿದ್ದು, ತಾನು ಭಾರತದಲ್ಲಿ ನೆಲೆಸಿ, ಇಲ್ಲೇ ಖಾಯಂ ವಾಸವಿದ್ದ ತಂದೆತಾಯಿಗೆ ಇಲ್ಲೇ ಹುಟ್ಟಿದವರು ಆಂಗ್ಲೋ-ಇಂಡಿಯನ್.

ಇಲ್ಲಿ ಎರಡು ವಿಷಯ ಎದ್ದು ಕಾಣುತ್ತವೆ. ಒಂದು, ‘ಇಂಗ್ಲಿಷ್’ ಎಂಬ ಮಾತೇ ಇಲ್ಲ. ಇರುವುದು ‘ಯುರೋಪ್ ಮೂಲ’. ಗಣಿಯೂರಿನ ಐರಿಷ್, ಕಾರ್ನಿಷ್, ಇಟಲಿಯ ಮನೆತನಗಳಿಗೆ ಈ ಒಂದು ಪದ ಜಾಗ ಮಾಡಿಕೊಟ್ಟಿತು. ಎರಡು, ವಂಶದ ಲೆಕ್ಕವೆಲ್ಲ ಗಂಡಿನ ಸಾಲಿನದು. ಏಳು ತಲೆಮಾರಿನ ಹಿಂದಿನ ಒಬ್ಬ ಯುರೋಪಿನ ಅಜ್ಜ ಸಾಕು. ಆ ಏಳು ತಲೆಮಾರಿನ ತಾಯಂದಿರು ತಮಿಳರೋ ತೆಲುಗರೋ ಕನ್ನಡಿಗರೋ ಎಂಬುದನ್ನು ಕಾನೂನು ಕೇಳುವುದಿಲ್ಲ. ತಾಯಿ ಆಂಗ್ಲೋ-ಇಂಡಿಯನ್, ತಂದೆ ಅಲ್ಲ ಎಂದಾದರೆ ಮಗು ಈ ವ್ಯಾಖ್ಯೆಯಿಂದ ಹೊರಗೆ. ಸಮಾಸದ ಅರ್ಧ ಹೊತ್ತವಳು ತಾಯಿ. ವಿಗ್ರಹವಾಕ್ಯದಲ್ಲಿ ಅವಳ ಹೆಸರಿಲ್ಲ.

ಇದರ ಪೆಟ್ಟು ಕಾಗದದಲ್ಲಿ ಮುಗಿಯಲಿಲ್ಲ. ಬ್ರಿಟನ್ನಿನ 1948ರ ಪೌರತ್ವ ಕಾಯ್ದೆಯಡಿ ಅಲ್ಲಿಯ ಪೌರತ್ವ ಬಯಸಿದವರು ತಂದೆಯ ಸಾಲಿನ ಬ್ರಿಟಿಷ್ ಪೂರ್ವಿಕನನ್ನು ದಾಖಲೆಯಲ್ಲಿ ತೋರಿಸಬೇಕಾಯಿತು. ಚರ್ಚಿನ ಜ್ಞಾನಸ್ನಾನದ ಪುಸ್ತಕಗಳಲ್ಲಿ ಮುತ್ತಜ್ಜನ ಹೆಸರು ಹುಡುಕುವ ಕಾಲ ಅದು. ಇತ್ತ ಸಂವಿಧಾನದ 336ನೇ ವಿಧಿ ರೈಲ್ವೆ, ಕಸ್ಟಮ್ಸ್, ಅಂಚೆ-ತಂತಿ ಇಲಾಖೆಗಳಲ್ಲಿ ಇವರಿಗಿದ್ದ ಮೀಸಲನ್ನು ಎರಡೆರಡು ವರ್ಷಕ್ಕೆ ಶೇ 10ರಂತೆ ಇಳಿಸುತ್ತ ಹತ್ತು ವರ್ಷಕ್ಕೆ ಕೊನೆಗೊಳಿಸಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಗೆ ಬಂದವು. ಈ ವರ್ಷಗಳಲ್ಲೇ ಮನೆ ಮನೆ ಖಾಲಿಯಾಗಿ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ ಸೇರಿದವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಉಳಿದವರು ಕೆಲವರಷ್ಟೇ. ಬೆಂಗಳೂರಿನ ದಿನದ ರೈಲು ಹಿಡಿದು ದುಡಿಯುವುದು ಊರಿನ ಉಳಿದವರ ಹಾಗೆ ಅವರ ಪಾಲಿಗೂ ಬಂತು.

ಉತ್ತರಪದದ ಅಡುಗೆಮನೆ

ಕಾನೂನು ಕಾಣದ ತಾಯಿಯನ್ನು ಎಲ್ಲಿ ಕಾಣಬಹುದು? ಅಡುಗೆಮನೆಯಲ್ಲಿ. ಆಂಗ್ಲೋ-ಇಂಡಿಯನ್ ಮನೆಗಳ ‘ಪೆಪ್ಪರ್ ವಾಟರ್’ ನಮ್ಮ ಮೆಣಸಿನ ಸಾರಿನ ಖಾಸಾ ತಂಗಿ: ಹುಣಸೆ, ಮೆಣಸು, ಜೀರಿಗೆ, ಬೆಳ್ಳುಳ್ಳಿ, ಒಗ್ಗರಣೆ. ತಮಿಳಿನ ‘ಮಿಳಗುತ್ತಣ್ಣಿ’ ಇಂಗ್ಲಿಷರ ಬಾಯಲ್ಲಿ ‘ಮಲ್ಲಿಗಟಾನಿ’ ಸೂಪಾಗಿ ಹಾಬ್ಸನ್-ಜಾಬ್ಸನ್ ನಿಘಂಟು ಸೇರಿತು. ಭಾನುವಾರದ ಊಟಕ್ಕೆ ಅರಿಸಿನ ಹಾಕಿದ ತೆಂಗಿನಹಾಲಿನ ಅನ್ನ, ಕೈಮಾ ಉಂಡೆಯ ಬಾಲ್ ಕರಿ, ಈರುಳ್ಳಿಯ ಕೆಂಪು ಡೆವಿಲ್ ಚಟ್ನಿ. ಕ್ರಿಸ್‌ಮಸ್ಸಿಗೆ ಹಿಟ್ಟನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ ಕರಿಯುವ ಕಲ್‌ಕಲ್, ಕಾದ ಎಣ್ಣೆಯಲ್ಲಿ ಅಚ್ಚು ಅದ್ದಿ ತೆಗೆಯುವ ರೋಸ್ ಕುಕ್ಕೀಸ್. ಹೆಸರು ಇಂಗ್ಲಿಷು, ಅಚ್ಚು ಯುರೋಪಿನದು ಇರಬಹುದು. ಅಕ್ಕಿಹಿಟ್ಟು, ತೆಂಗು, ಒಗ್ಗರಣೆ ಈ ನೆಲದವು.

ಈ ಪರಂಪರೆಯನ್ನು ಬರೆದಿಟ್ಟವರಲ್ಲಿ ಮುಖ್ಯರಾದ ಬ್ರಿಜೆಟ್ ವೈಟ್-ಕುಮಾರ್ ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದವರು. ಆಂಗ್ಲೋ-ಇಂಡಿಯನ್ ಅಡುಗೆಯ ಮೇಲೆ ಹಲವು ಪುಸ್ತಕಗಳನ್ನೂ ಹುಟ್ಟೂರಿನ ನೆನಪುಗಳ ‘ಕೋಲಾರ್ ಗೋಲ್ಡ್ ಫೀಲ್ಡ್ಸ್: ಡೌನ್ ಮೆಮೊರಿ ಲೇನ್’ ಎಂಬ ಕೃತಿಯನ್ನೂ ಬರೆದಿದ್ದಾರೆ. ಅಡುಗೆಯ ದಾಖಲೆ ಇಲ್ಲಿ ಬಾಯಿಚಪಲದ ಮಾತಲ್ಲ. ವಂಶವೃಕ್ಷದಲ್ಲಿ ಹೆಸರಿಲ್ಲದ ಹೆಂಗಸರು ಬಿಟ್ಟುಹೋದ ಗಟ್ಟಿ ಬರಹ ಅದೇ.

ನಾಲಿಗೆಯ ಮಾತೂ ಹಾಗೆಯೇ. ಮನೆಯಲ್ಲಿ ಇಂಗ್ಲಿಷು, ಗಣಿಯಲ್ಲಿ ತಮಿಳು, ಮಾರುಕಟ್ಟೆಯಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು. ಕೆಜಿಎಫ್‌ನ ಯಾವ ಸಮುದಾಯವೂ ಒಂದೇ ಭಾಷೆಯಲ್ಲಿ ಬಾಳಿದ್ದಿಲ್ಲ, ಇವರೂ ಬಾಳಲಿಲ್ಲ.

296 ಎಂಬ ಸಂಖ್ಯೆ

ಸಂವಿಧಾನದ 331 ಮತ್ತು 333ನೇ ವಿಧಿಗಳು ಲೋಕಸಭೆಗೆ ಇಬ್ಬರನ್ನು, ರಾಜ್ಯಗಳ ವಿಧಾನಸಭೆಗೆ ಒಬ್ಬರನ್ನು ಈ ಸಮುದಾಯದಿಂದ ನಾಮಕರಣ ಮಾಡಲು ಅವಕಾಶ ಕೊಟ್ಟಿದ್ದವು. ಸಂವಿಧಾನ ಸಭೆಯಲ್ಲಿ ಸಮುದಾಯದ ನಾಯಕ ಫ್ರಾಂಕ್ ಆಂಟನಿ ಹೋರಾಡಿ ಪಡೆದದ್ದು ಅದು. ಕರ್ನಾಟಕ ವಿಧಾನಸಭೆಯ ಆಗಿನ 225 ಸದಸ್ಯರಲ್ಲಿ 224 ಮಂದಿ ಆಯ್ಕೆಯಾದವರು, ಒಬ್ಬರು ಆಂಗ್ಲೋ-ಇಂಡಿಯನ್. 2019ರ ಡಿಸೆಂಬರಿನಲ್ಲಿ ಸಂಸತ್ತಿನ ಚರ್ಚೆಯಲ್ಲಿ ಕಾನೂನು ಸಚಿವರು 2011ರ ಜನಗಣತಿಯಂತೆ ದೇಶದಲ್ಲಿ ಆಂಗ್ಲೋ-ಇಂಡಿಯನ್ನರು 296 ಮಂದಿ ಎಂದರು. ಸಮುದಾಯದವರು ಅದನ್ನು ಒಪ್ಪಲಿಲ್ಲ. ತಮ್ಮ ಸಂಖ್ಯೆ ಅದರ ಎಷ್ಟೋ ಪಟ್ಟು ಎಂದರು. ಸಂವಿಧಾನದ 104ನೇ ತಿದ್ದುಪಡಿ ಅಂಗೀಕಾರವಾಯಿತು, 2020ರ ಜನವರಿ 25ರಿಂದ ನಾಮಕರಣ ನಿಂತಿತು, ನಮ್ಮ ಸಭೆಯೂ ಮುಂದೆ 224ಕ್ಕೆ ಇಳಿಯಿತು.

ನಾಮಕರಣ ಬೇಕೇ ಬೇಡವೇ ಎಂಬುದರ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಒಂದು ಜನವನ್ನು ಇಷ್ಟು ಕಡಿಮೆ ಎಂದು ಎಣಿಸಿ ಮುಗಿಸುವುದು ಸರಿಯಲ್ಲ. 366ನೇ ವಿಧಿಯ ವ್ಯಾಖ್ಯೆ ಈಗಲೂ ಹಾಗೆಯೇ ಇದೆ: ಪದ ಉಳಿದಿದೆ, ಪೀಠ ಹೋಗಿದೆ.

ಬಹುವ್ರೀಹಿಯಾಗಿ ಓದೋಣ

ಇಂಗ್ಲಿಷರು ಈ ಸಮಾಸವನ್ನು ಪೂರ್ವಪದದ ಕಡೆಯಿಂದ ಓದಿದರು. ಕಾನೂನು ಗಂಡಿನ ಸಾಲಿನಿಂದ ಓದಿ ಅದೇ ದಾರಿ ಹಿಡಿಯಿತು. ಅತ್ತ ಒಂದು ಕಾಲು, ಇತ್ತ ಒಂದು ಕಾಲು ಎಂದು ದ್ವಂದ್ವವಾಗಿ ಓದಿದವರು ಸಹಾನುಭೂತಿ ತೋರಿದರೂ ಇವರನ್ನು ಯಾವ ಊರಿಗೂ ಸೇರದವರನ್ನಾಗಿ ಮಾಡಿದರು. ಕೋಲಾರದ ಗಣಿ ಇವೆಲ್ಲ ಸಾಲದು ಎನ್ನುತ್ತದೆ. ಐರಿಷ್ ಸೈನಿಕ, ಕಾರ್ನಿಷ್ ಗಣಿಗಾರ, ಆರ್ಕಾಟಿನ ತಾಯಿ, ಕೋಲಾರದ ನೆಲ ಇವರೆಲ್ಲರ ಮಕ್ಕಳು ಆಂಗ್ಲರೂ ಅಲ್ಲ, ಅರ್ಧ ಇಂಡಿಯನ್ನರೂ ಅಲ್ಲ.

ಮೂರು ಕಣ್ಣು ಉಳ್ಳವನು ಮುಕ್ಕಣ್ಣ. ‘ಮೂರು’, ‘ಕಣ್ಣು’ ಎರಡೂ ಅಲ್ಲದ ಮೂರನೆಯ ಅರ್ಥ, ಶಿವ, ಅಲ್ಲಿ ಮುಖ್ಯ. ಆಂಗ್ಲೋ-ಇಂಡಿಯನ್ ಪದಕ್ಕೂ ಸಲ್ಲುವ ಓದು ಇದೇ. ಎರಡು ಪದಗಳ ಆಚೆಗೆ ನಿಂತಿರುವ ಒಂದು ಜನ, ಅವರ ದುಡಿಮೆ, ಅಡುಗೆ, ಶಾಲೆ, ಗೋರಿ, ಈ ಊರು: ಇವೇ ಅದರ ಅರ್ಥ. ಆ ಜನ ಕರ್ನಾಟಕದವರು. ಮೈಸೂರಿನ ಅರಸರು ಭೂಮಿ ಕೊಟ್ಟು ಒಪ್ಪಿಕೊಂಡವರು, ಮೈಸೂರಿನ ಚಿನ್ನಕ್ಕೆ ಬೆವರು ಸುರಿಸಿದವರು.

ಹೀಗೆ ಓದಿದರೆ ಮಾಡಬೇಕಾದ ಕೆಲಸವೂ ತಾನೇ ತಿಳಿಯುತ್ತದೆ. ರಾಬರ್ಟ್‌ಸನ್‌ಪೇಟೆ, ಊರಗಾಂ, ಚಾಂಪಿಯನ್ ರೀಫ್‌ಗಳ ಶಾಲಾ ದಾಖಲೆ, ಚರ್ಚಿನ ಪುಸ್ತಕ, ಸ್ಮಶಾನದ ಕಲ್ಲುಗಳನ್ನು ಹಾಳಾಗುವ ಮೊದಲು ಬರೆದಿಡಬೇಕು. ಅವುಗಳಲ್ಲಿ ತಂದೆಯ ಹೆಸರಿನ ಪಕ್ಕ ತಾಯಿಯ ಹೆಸರನ್ನೂ ಹುಡುಕಬೇಕು. ಇಲ್ಲೂ ಆಸ್ಟ್ರೇಲಿಯಾದಲ್ಲೂ ಬದುಕಿರುವ ಹಿರಿಯರ ಮಾತನ್ನು ಕನ್ನಡದಲ್ಲಿ ಕೇಳಿ ಬರೆಯಬೇಕು. ಕೋಲಾರ ಜಿಲ್ಲೆಯ ಚರಿತ್ರೆಯಲ್ಲಿ ತಟ್ಟಿ ಮನೆಯ ಕಾರ್ಮಿಕನ ಅಧ್ಯಾಯದ ಪಕ್ಕದಲ್ಲೇ ಇವರ ಅಧ್ಯಾಯವೂ ಇರಬೇಕು, ಒಂದನ್ನೊಂದು ಮುಚ್ಚದೆ. ರಾಬರ್ಟ್‌ಸನ್‌ಗೆ ಪೇಟೆಯನ್ನು ಕೂಡಿಸಿ ನಮ್ಮದಾಗಿಸಿಕೊಂಡ ಕನ್ನಡಕ್ಕೆ ಈ ಜನವನ್ನೂ ತನ್ನವರೆಂದು ಹೇಳುವುದು ಕಷ್ಟವಲ್ಲ. ಇಷ್ಟು ದಿನ ಹೇಳದೆ ಉಳಿದದ್ದೇ ಬಾಕಿ, ಅದನ್ನು ತೀರಿಸಬೇಕಾದವರು ನಾವು.